ಆರನೇ ಕಾಲಂ

ಹಾಸನದಿಂದ ಆರೂಕಾಲರ ಬಸ್ಸು.
ಚೀಲದಲ್ಲಿ ನಮೂನೆ, ಅಳತೆಯ ಟೇಪು, ಎರಡು ಚಪಾತಿ,
ಕಚೇರಿಯ ಸೀಲು ಒದ್ದೆಯಾಗದಂತೆ ಪ್ಲಾಸ್ಟಿಕ್ಕಿನಲ್ಲಿ.
ಸಕಲೇಶಪುರದಿಂದ ಆಟೋ. ಕೆಸವಿನಗುಂಡಿಯ ತಿರುವಿನಲ್ಲಿ ಇಳಿದರೆ
ಎದುರಿಗೇ ಗೋಡೆ.

ಅರವತ್ತೆರಡು ಮೀಟರ್ ಉದ್ದ, ಐದೂವರೆ ಎತ್ತರ,
ಒಂದು ಕೋಟಿ ಎಂಬತ್ನಾಲ್ಕು ಲಕ್ಷ, ಮೂರು ಕಂತು.
ನೀಲಿ ಬಣ್ಣದಲ್ಲಿ ಕಾಮಗಾರಿಯ ಹೆಸರು,
ಅದರ ಮೇಲೆ ಯಾರೋ ಒಣಹಾಕಿದ ಲಂಗ.

ಮೊದಲ ಐದು ಕಾಲಂ ನಿಂತಲ್ಲೇ ತುಂಬಿದವು.
ಆರನೆಯದು: ತಪ್ಪಿದ ನಷ್ಟ, ರೂಪಾಯಿಗಳಲ್ಲಿ.
ಅಂದರೆ ಆಗದೇ ಹೋದದ್ದಕ್ಕೆ ಬೆಲೆ ಕಟ್ಟಬೇಕು,
ಮೂರು ಮಳೆಗಾಲ ಬೀಳದೆ ನಿಂತ ಮಣ್ಣನ್ನು ತೂಗಬೇಕು.
ಹೂತುಹೋಗದ ಹಂಡೆ, ಮುರಿಯದ ಮಂಚ,
ಯಾರೂ ಕಿರುಚದೆ ಬೆಳಗಾದ ಒಂದು ರಾತ್ರಿ,
ಎಲ್ಲಕ್ಕೂ ಇಂದಿನ ದರ, ಸವಕಳಿ ಕಳೆದು.
ಊರು ಕೊಳ್ಳೆಹೋದ ಮೇಲೆ ಬಾಗಿಲು ಹಾಕಿದವನಿಗೆ
ಗಾದೆಯಾದರೂ ಇದೆ.
ಮೊದಲೇ ಹಾಕಿದವನಿಗೆ ಇರುವುದು ಆಡಿಟ್ ಒಂದೇ.

ದ್ಯಾವೀರಮ್ಮನನ್ನು ಕೇಳಿದೆ, ಮನೆಯ ಬೆಲೆ ಎಷ್ಟು?
"ಮಾರಾಕಿಟ್ಟಿಲ್ಲ ಕಣವ್ವ."
ಸುಮ್ಮನೆ ಅಂದಾಜು ಹೇಳಿ.
"ಗ್ವಾಡೆ ಕಟ್ಟಕ್ ಮುಂಚೆದೋ, ಆಮ್ಯಾಕಿಂದೋ?"
ಪೆನ್ನು ನಿಂತಿತು.
ಕೈಪಿಡಿಯಲ್ಲಿ ಈ ಪ್ರಶ್ನೆಗೆ ಪುಟವಿಲ್ಲ.

ಇದಿನಬ್ಬ ತನ್ನ ಗೂಡಂಗಡಿಯನ್ನೂ ಸೇರಿಸಿ ಎಂದ.
ಫ್ರಿಜ್ಜು ಕೆಟ್ಟಿದೆ, ಆದರೂ ಸೇರಿಸಿ.
ಸೇರಿಸಿದೆ. ಒಂಬತ್ತು ಮನೆ, ಹದಿಮೂರು ಹಸು, ಅಂಗನವಾಡಿ ಒಂದು,
ಆಮೇಲೆ ಕೆಳತಿರುವಿನ ಹೋಮ್‌ಸ್ಟೇ, ಈಜುಕೊಳ ಸಮೇತ.
ಅದು ಬಂದದ್ದೇ ತಡ, ಲೆಕ್ಕ ಎದ್ದು ಕೂತಿತು:
ರೂಪಾಯಿಗೆ ಒಂದು ರೂಪಾಯಿ ನಲವತ್ತು ಪೈಸೆ.

ಹಳ್ಳದ ಆಚೆ ಇನ್ನೊಂದು ಇಳಿಜಾರಿದೆ.
ಅದರ ಬುಡದಲ್ಲಿ ಏಳು ಲೈನ್ ಮನೆ, ಶೀಟಿನ ಮಾಡು.
ಹೋದ ವರ್ಷ ಅಲ್ಲಿಯ ಲೆಕ್ಕ ಹಾಕಿದವಳೂ ನಾನೇ.
ರೂಪಾಯಿಗೆ ಅರವತ್ತೆಂಟು ಪೈಸೆ.
ಮನೆಗಳು ಅಗ್ಗವಾಗಿದ್ದವು.
ಜೀವಕ್ಕೆ ಎಲ್ಲರಿಗೂ ಒಂದೇ ದರ ಇಟ್ಟಿದ್ದೆ, ಅದರಲ್ಲಿ ಮೋಸವಿಲ್ಲ;
ನೂರು ವರ್ಷಕ್ಕೊಮ್ಮೆ ಎಂದು ಭಾಗಿಸಿದ ಮೇಲೆ
ಒಬ್ಬೊಬ್ಬರು ಹತ್ತು ಮೂಟೆ ಸಿಮೆಂಟಿನಷ್ಟಾದರು.
ಗೋಡೆ ಮಂಜೂರಾಗಲಿಲ್ಲ.
ಈಗ ಅಲ್ಲಿಯ ಹುಡುಗನೊಬ್ಬ ಈ ದಡಕ್ಕೆ ಬಂದು
ನನ್ನ ಟೇಪಿನ ತುದಿ ಹಿಡಿದುಕೊಂಡಿದ್ದಾನೆ,
ಗಟ್ಟಿಯಾಗಿ, ಬಿಟ್ಟರೆ ನಾನು ಬಿದ್ದೇನೋ ಎನ್ನುವಂತೆ.

ಲಿಗೋರಿ ಮೇಸ್ತ್ರಿ ಎಲೆ ಉಗುಳಿ ಬಂದ.
"ಗೋಡೆ ನಿಲ್ಲೋದು ಕಲ್ಲಿನಿಂದ ಅಲ್ಲ ಮೇಡಂ, ತೂತಿನಿಂದ."
ಎಣಿಸಿದೆ. ಮೂವತ್ತೆಂಟು.
ಗುಡ್ಡ ಕುಡಿದ ನೀರೆಲ್ಲ ಇಲ್ಲಿಂದಲೇ ಹೊರಬರಬೇಕು,
ಕಟ್ಟಿಕೊಂಡರೆ ಕೋಟಿಯೂ ಉಬ್ಬಿ ಒಡೆಯುತ್ತದೆ.
ಬಗ್ಗಿ ಒಂದೊಂದನ್ನೇ ನೋಡಿದೆ. ಎಲ್ಲ ಶುಭ್ರ.
ಕಡತದಲ್ಲಿ ನಿರ್ವಹಣೆಯ ಮೊತ್ತ: ಇಲ್ಲ.

ಮಾಡಿನ ಸಂದಿಯಿಂದ ದ್ಯಾವೀರಮ್ಮ ಎಳೆದು ತೋರಿಸಿದ್ದು
ಗಂಡನ ಮುರಿದ ಕೊಡೆಯ ಕಡ್ಡಿ.
ಮೂರು ವರ್ಷದಿಂದ, ಪ್ರತಿ ಮಂಗಳವಾರ.
ಯಾರು ಹೇಳಿದ್ದು?
"ಯಾರ್ ಹೇಳ್ಬೇಕು? ಮೊದಲ್ನೇ ಮಳೇಲಿ ಗ್ವಾಡೆ ಬೆವರಲಿಲ್ಲ.
ಜರ ಬಂದೋರು ಬೆವರದೆ ಮಲಗಿದ್ರೆ
ನಿಂಗೆ ನಿದ್ದೆ ಬತ್ತದಾ?"

ಮೇಲಿನ ಸಾಲಿಗೆ ಕಣ್ಣು ಸಾಲದು, ಅಲ್ಲಿ ಹುಡುಗನನ್ನು ಹತ್ತಿಸುತ್ತಾಳಂತೆ,
ಹಳ್ಳದ ಆಚೆಯವನನ್ನೇ.

ವರದಿಯಲ್ಲಿ ಬರೆದೆ.
ನಿರ್ವಹಣೆ: ಕೊಡೆಕಡ್ಡಿ ಒಂದು, ವಾರಕ್ಕೆ ಒಂದು ತಾಸು.
ಇದನ್ನು ಕಳೆದರೆ ಮೇಲಿನ ಅನುಪಾತಕ್ಕೆ ಅರ್ಥವಿಲ್ಲ.

ಹನ್ನೆರಡು ದಿನಕ್ಕೆ ಕಡತ ಕೆಳಗಿಳಿಯಿತು.
ಅಂಚಿನಲ್ಲಿ ಹಸಿರು ಶಾಯಿ:
ವೋಚರ್ ಲಗತ್ತಿಸಿ.

ನಾಳೆ ಮಂಗಳವಾರ.
ಚೀಲಕ್ಕೆ ಖಾಲಿ ವೋಚರ್ ಒಂದನ್ನು ಹಾಕಿದ್ದೇನೆ,
ಹೆಬ್ಬೆಟ್ಟಿನ ಮಸಿಡಬ್ಬಿ,
ಜೊತೆಗೆ ಆ ಏಳು ಮನೆಗಳ ಹಳೇ ಕಡತ.
ಅದರ ದಾರ ಇನ್ನೂ ಬಿಚ್ಚಿಲ್ಲ.